ಬೇಟೆ ರೈಫಲ್ಲಿನ ಸ್ಟಾಕ್ ಸಡಿಲವಾಗಿದೆಯೇ? ಸ್ಕ್ರೂ ಬಿಗಿಯುವ ಮುನ್ನ ಓದಿ

ರೈಫಲ್ಲಿನ ಗುರಿ ತಪ್ಪತೊಡಗಿದ ಕೂಡಲೇ ಸ್ಟಾಕಿನ, ಅಂದರೆ ರೈಫಲ್ಲಿನ ಮರದ ಮೈಯ, ಸ್ಕ್ರೂಗಳನ್ನು ಇನ್ನೊಂದು ಸುತ್ತು ಬಿಗಿಯುವವರಿದ್ದಾರೆ. ಅಂಥವರ ಕೈಯಿಂದ ಮೊದಲು ಸ್ಕ್ರೂಡ್ರೈವರ್ ಕಿತ್ತುಕೊಳ್ಳಬೇಕು. ಸಡಿಲವಾದದ್ದು ಬಿಗಿದರೆ ಸರಿಹೋಗುತ್ತದೆ ಎಂಬ ಮಾತು ಲೋಹಕ್ಕೆ ಲೋಹ ಕೂಡಿಸುವಲ್ಲಿ ನಿಜವಿರಬಹುದು. ಇಲ್ಲಿ ಒಂದು ಕಡೆ ಉಕ್ಕು, ಇನ್ನೊಂದು ಕಡೆ ಮರ. ಸ್ಕ್ರೂ ತಿರುಗಿದಷ್ಟೂ ಮರದ ಎಳೆಗಳು ನಜ್ಜಿಹೋಗುತ್ತವೆ. ಇಂದು ಬಿಗಿಯಾಗಿ ಕಂಡದ್ದು ಒಂದಷ್ಟು ಈಡು ಹಾರಿಸುವುದರೊಳಗೆ ಮೊದಲಿಗಿಂತ ಹೆಚ್ಚು ಸಡಿಲವಾಗಿರುತ್ತದೆ.

ನಾನು ಮರಗೆಲಸದ ಕಡೆಯಿಂದ ಬಂದೂಕಿನ ಕೆಲಸಕ್ಕೆ ಬಂದವನು. ಹಾಗಾಗಿ ಯಾವ ರೈಫಲ್ ಕೈಗೆ ಬಂದರೂ ಉಕ್ಕಿಗಿಂತ ಮೊದಲು ಮರವನ್ನು ನೋಡುತ್ತೇನೆ. ಮರ ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಏರಿಳಿತ ಲೆಕ್ಕಕ್ಕೆ ಬಾರದಷ್ಟು, ಎಳೆಗೆ ಅಡ್ಡಲಾಗಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಒಣಹವೆಯಲ್ಲಿ ನೆಟ್ಟಗೆ ಹೊಡೆಯುತ್ತಿದ್ದ ರೈಫಲ್ ವಾರಗಟ್ಟಲೆ ಮಳೆ ಹಿಡಿದ ಮೇಲೆ ಒಂದು ಕಡೆಗೆ ಎಳೆಯುವುದಕ್ಕೆ ಬಹುಪಾಲು ಇದೇ ಕಾರಣ: ಹಿಗ್ಗಿದ ಮರ ಎಲ್ಲೋ ಒಂದು ಕಡೆ ನಳಿಗೆಯನ್ನು ಒತ್ತುತ್ತಿರುತ್ತದೆ.

ಇಲ್ಲಿ ಹೇಳುವುದೆಲ್ಲ ಒಂದೇ ತುಂಡಿನ ಮರದ ಸ್ಟಾಕ್ ಇರುವ ಬೋಲ್ಟ್ ರೈಫಲ್ಲಿಗೆ, ಅಂದರೆ ಪ್ರತಿ ಈಡಿಗೂ ಬೋಲ್ಟ್ ಎಂಬ ಉಕ್ಕಿನ ಅಗುಳಿಯನ್ನು ಕೈಯಿಂದ ಎಳೆದು ತಳ್ಳುವ ರೈಫಲ್ಲಿಗೆ. ಅದರಲ್ಲಿ ನಳಿಗೆಯ ಹಿಂತುದಿ ರಿಸೀವರ್ ಎಂಬ, ಬೋಲ್ಟ್ ಓಡಾಡುವ ಉಕ್ಕಿನ ಮೈಯೊಳಗೆ ತಿರುಪು ಹಾಕಿ ಕೂತಿರುತ್ತದೆ, ರಿಸೀವರನ್ನು ಎರಡು ಸ್ಕ್ರೂಗಳು ಕೆಳಗಿನಿಂದ ಸ್ಟಾಕಿಗೆ ಎಳೆದು ಹಿಡಿದಿರುತ್ತವೆ. ಅಂದರೆ ಸ್ಟಾಕ್ ಹಿಡಿಯುವುದು ರಿಸೀವರನ್ನು, ನಳಿಗೆಯನ್ನಲ್ಲ. ‘ನಳಿಗೆ ಸಡಿಲವಾಗಿದೆ’ ಎಂದು ತರುವ ರೈಫಲ್ಲುಗಳಲ್ಲಿ ಹೆಚ್ಚಿನವುಗಳ ತೊಂದರೆ ರಿಸೀವರಿನ ಕೆಳಗಿರುತ್ತದೆ, ನಳಿಗೆಯ ಕೆಳಗಲ್ಲ. ನಾವು ಮಾಡಬೇಕಾದದ್ದು ರಿಸೀವರನ್ನು ಅಮುಕಿ ಹಿಡಿಯುವುದೂ ಅಲ್ಲ. ಪ್ರತಿ ಈಡಿಗೂ ಅದು ಹಿಂದಕ್ಕೆ ಒದೆಯುತ್ತದೆ, ಕಂಪಿಸುತ್ತದೆ. ಪ್ರತಿ ಸಲವೂ ಬಗ್ಗದೆ, ತಿರುಚದೆ ಅದೇ ಜಾಗಕ್ಕೆ ಬಂದು ಕೂರುವಂತೆ ಹಾಸಿಗೆ ಮಾಡಿಕೊಡಬೇಕು.

ಕೆಲಸಕ್ಕೆ ಇಳಿಯುವ ಮುನ್ನ ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆದು ನಳಿಗೆಯಲ್ಲಿ ತೋಟಾ ಕೂರುವ ಗೂಡು ಖಾಲಿ ಇದೆಯೇ ಎಂದು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ, ಆಮೇಲೆ ಬೋಲ್ಟನ್ನೇ ಹೊರಗೆ ತೆಗೆದಿಡಿ. ನೀವು ಕೆಲಸ ಮಾಡುವ ಕೋಣೆಯಲ್ಲೇ ತೋಟಾಗಳು ಇರಬಾರದು. ರೈಫಲ್ ನಿಮ್ಮ ಹೆಸರಿನ ಪರವಾನಗಿಯದಾಗಿರಬೇಕು. ಬೇರೆಯವರದನ್ನು ಇಟ್ಟುಕೊಂಡು ರಿಪೇರಿ ಮಾಡುವುದಕ್ಕೆ ಹಲವು ಕಡೆ ಪ್ರತ್ಯೇಕ ಅನುಮತಿ ಬೇಕು.

ಇನ್ನೊಂದು ಮಾತು. ನಳಿಗೆ ಸ್ಟಾಕಿನಲ್ಲಲ್ಲ, ರಿಸೀವರಿನಲ್ಲೇ ಅಲುಗುತ್ತಿದ್ದರೆ ಈ ಬರಹ ನಿಮಗಲ್ಲ. ಅಂಥ ರೈಫಲ್ಲಿನಲ್ಲಿ ತೋಟಾ ಕೂರುವ ಅಳತೆಯೇ ಕೆಟ್ಟಿರುತ್ತದೆ, ಹಾರಿಸಿದರೆ ಮುಖಕ್ಕೇ ಅಪಾಯ. ಅದನ್ನು ಅಳತೆಯ ಗೇಜುಗಳಿರುವ ಬಂದೂಕು ತಜ್ಞರ ಕೈಗೆ ಕೊಡಬೇಕು. ಮಡಚಿ ತೆರೆಯುವ ಬಂದೂಕಿನ ಕೀಲು ಸವೆದಿದ್ದರೂ ಅಷ್ಟೇ.

ತಪ್ಪು ಮರದ್ದೇ ಎಂದು ಖಚಿತ ಮಾಡಿಕೊಳ್ಳುವುದು

ಸ್ಟಾಕಿನ ಮೇಲೆ ಆರೋಪ ಹೊರಿಸುವ ಮೊದಲು ಸ್ಕೋಪನ್ನು, ಅಂದರೆ ಗುರಿಯಿಡುವ ದೂರದರ್ಶಕವನ್ನು, ನೋಡಿ. ಅದರ ಬೇಸ್ ಮತ್ತು ರಿಂಗುಗಳ ಸ್ಕ್ರೂ ಒಂದು ಸಡಿಲವಾಗಿದ್ದರೂ ಗುರಿಹಲಗೆಯ ಮೇಲೆ ಕಾಣುವ ಲಕ್ಷಣ ಸಡಿಲ ಸ್ಟಾಕಿನದರಂತೆಯೇ ಇರುತ್ತದೆ. ನಳಿಗೆಯ ಬಾಯಂಚಿಗೆ ಏಟು ಬಿದ್ದಿದೆಯೇ, ಒಳಗೆ ತಾಮ್ರದ ಪದರ ಕಟ್ಟಿದೆಯೇ, ಅದನ್ನೂ ನೋಡಿ. ಇವೆಲ್ಲ ಸರಿಯಿದ್ದೂ ಈಡುಗಳು ಎರಡು ಬೇರೆ ಬೇರೆ ಗುಂಪಾಗಿ ಬೀಳುತ್ತಿದ್ದರೆ, ಅಥವಾ ನಳಿಗೆ ಕಾದಂತೆಲ್ಲ ಒಂದೇ ದಿಕ್ಕಿಗೆ ಸರಿಯುತ್ತಾ ಹೋದರೆ ಮರದ ಮೇಲೆ ಅನುಮಾನಪಡಬಹುದು.

ಮೊದಲ ಪರೀಕ್ಷೆಗೆ ಒಂದು ಕಾಗದದ ಪಟ್ಟಿ ಸಾಕು. ಅದನ್ನು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ, ಎರಡು ತುದಿ ಹಿಡಿದು ಹಿಂದಕ್ಕೆ ರಿಸೀವರಿನ ತನಕ ಎಳೆಯಿರಿ. ಎಲ್ಲೂ ಸಿಕ್ಕಿಕೊಳ್ಳದೆ ಹೋದರೆ ನಳಿಗೆ ತೇಲುತ್ತಿದೆ, ಅಂದರೆ ಮರಕ್ಕೆ ಎಲ್ಲೂ ತಾಗಿಲ್ಲ. ಸಿಕ್ಕಿಕೊಂಡರೆ ಆ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ. ಒಂದು ಪಕ್ಕದಲ್ಲಿ ಮಾತ್ರ ಸಿಕ್ಕಿಕೊಳ್ಳುವುದು ಅತಿ ಕೆಟ್ಟದ್ದು. ಅದು ಕಾದ ನಳಿಗೆಯನ್ನು ಪಕ್ಕಕ್ಕೆ ತಳ್ಳುತ್ತದೆ.

ಎರಡನೆಯ ಪರೀಕ್ಷೆಯೇ ನಿಜವಾದದ್ದು. ರೈಫಲನ್ನು ಹಿಂಬದಿ ನೆಲಕ್ಕೆ ಬರುವಂತೆ ನಿಲ್ಲಿಸಿ. ಒಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳು ಸ್ಟಾಕಿನ ಮುಂತುದಿಯನ್ನೂ ನಳಿಗೆಯನ್ನೂ ಒಟ್ಟಿಗೆ ಮುಟ್ಟಿರಲಿ. ಇನ್ನೊಂದು ಕೈಯಿಂದ ಮುಂದಿನ ಸ್ಕ್ರೂ ನಿಧಾನವಾಗಿ ಸಡಿಲಿಸಿ, ಮತ್ತೆ ಬಿಗಿಯಿರಿ. ಬೆರಳಿನ ತುದಿಗೆ ನಳಿಗೆ ಮೇಲೇಳುವುದು, ಇಳಿಯುವುದು ತಿಳಿಯುತ್ತಿದ್ದರೆ ರಿಸೀವರ್ ಎತ್ತರತಗ್ಗಿನ ಮೇಲೆ ಕೂತಿದೆ ಎಂದರ್ಥ. ನೆಲ ಸಮವಿಲ್ಲದಲ್ಲಿ ಇಟ್ಟ ನಾಲ್ಕು ಕಾಲಿನ ಮೇಜಿನ ಮೇಲೆ ಯಾರೋ ಕೈಯೂರಿದಂತೆ, ಸ್ಕ್ರೂ ಬಿಗಿದಾಗಲೆಲ್ಲ ಅದು ಬಗ್ಗುತ್ತದೆ. ತೀರಾ ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಇಂಡಿಕೇಟರ್ ಇದ್ದರೆ ಅದರ ಕಾಲನ್ನು ನಳಿಗೆಗೆ ಕಟ್ಟಿ, ಮೊನೆಯನ್ನು ಸ್ಟಾಕಿನ ಮುಂತುದಿಗೆ ತಾಗಿಸಿ ಅಳೆಯಬಹುದು. ಸ್ಕ್ರೂ ಸಡಿಲಿಸಿದಾಗ 0.05 ಮಿ.ಮೀ. ಒಳಗೆ ಅಲುಗಿದರೆ ನಾನು ಆ ಸ್ಟಾಕಿಗೆ ಕೈ ಹಾಕುವುದಿಲ್ಲ. 0.1 ಮಿ.ಮೀ. ದಾಟಿದರೆ ಕೆಲಸ ಇದೆ. ನಡುವಿನದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ಈಗ ಸ್ಕ್ರೂ ತೆಗೆದು ರಿಸೀವರನ್ನು ಸ್ಟಾಕಿನಿಂದ ಎತ್ತಿ. ಸ್ಕ್ರೂತಲೆಗೆ ಸರಿಯಾಗಿ ಕೂರುವ ಮೊನೆಯನ್ನೇ ಬಳಸಿ. ಅಂಚು ಹರಿದ ಸ್ಕ್ರೂತಲೆ ನೋಡಿದರೆ ಆ ರೈಫಲ್ಲಿನ ಒಡೆಯನ ಬಗ್ಗೆ ನನಗೆ ಅರ್ಧ ವಿಷಯ ತಿಳಿದುಬಿಡುತ್ತದೆ. ಒಳಗೆ ದೀಪ ಹಿಡಿದು ನೋಡಿ. ಎಲ್ಲಿ ಉಕ್ಕು ಮರವನ್ನು ಉಜ್ಜಿದೆಯೋ ಅಲ್ಲಿ ಕಪ್ಪಾಗಿ ಹೊಳೆಯುತ್ತಿರುತ್ತದೆ. ಮುಟ್ಟದ ಕಡೆ ಮರದ ಬಣ್ಣ ಮಂಕಾಗಿಯೇ ಉಳಿದಿರುತ್ತದೆ. ಸ್ಕ್ರೂ ತೂತಿನ ಸುತ್ತ ಬಟ್ಟಲಿನಂತೆ ತಗ್ಗಾಗಿದ್ದರೆ ಯಾರೋ ವರ್ಷಗಟ್ಟಲೆ ಬಿಗಿಯುತ್ತಾ ಬಂದಿದ್ದಾರೆ. ರಿಸೀವರಿನ ಬಾಲ (ಹಿಂದಕ್ಕೆ ಚಾಚಿದ ಉಕ್ಕಿನ ಪಟ್ಟಿ) ಕೂರುವ ಜಾಗದ ಹಿಂದೆ ಕೂದಲೆಳೆಯ ಬಿರುಕಿದ್ದರೆ ಉಕ್ಕು ಹಿಂದಕ್ಕೆ ಜಾರಿ ಮರವನ್ನು ಬೆಣೆಯಂತೆ ಸೀಳತೊಡಗಿದೆ. ಬಿರುಕಿಗೆ ತೆಳ್ಳನೆಯ ಎಪಾಕ್ಸಿ (ಎರಡು ಭಾಗ ಬೆರೆಸಿ ಹಾಕುವ ಗಟ್ಟಿ ಅಂಟು) ಇಳಿಸಿ, ಬಿಗಿದು ಕಟ್ಟಿ, ಒಣಗಿಸಿದ ಮೇಲೆಯೇ ಉಳಿದ ಕೆಲಸ.

ಲಗ್ ಎಂಬ ಗೂಟ

ರಿಸೀವರಿನ ಮುಂಭಾಗದ ಕೆಳಗೆ ಚಿಕ್ಕ ಗೂಟದಂತೆ ಇಳಿದಿರುವ ಉಕ್ಕಿನ ತುಂಡೇ ರಿಕಾಯಿಲ್ ಲಗ್. ಈಡು ಹಾರಿದಾಗ ಹಿಂದಕ್ಕೆ ನುಗ್ಗುವ ಬಲವನ್ನು ಸ್ಟಾಕಿಗೆ ದಾಟಿಸುವುದು ಇದರ ಹಿಂದಿನ ಮುಖ. ಆ ಕೆಲಸ ಸ್ಕ್ರೂಗಳದಲ್ಲ. ಲಗ್ಗಿನ ಹಿಂದೆ ಮರ ನಜ್ಜಿ ಒಂದು ಕಾಗದದಷ್ಟು ಜಾಗ ಬಿಟ್ಟುಕೊಂಡಿದ್ದರೂ ರಿಸೀವರ್ ಪ್ರತಿ ಈಡಿಗೆ ಅಷ್ಟು ದೂರ ಜಾರಿ ಹೋಗಿ ಬಡಿಯುತ್ತದೆ. ಬಡಿದಷ್ಟೂ ಜಾಗ ದೊಡ್ಡದಾಗುತ್ತದೆ, ಸ್ಕ್ರೂಗಳು ಬಗ್ಗುತ್ತವೆ.

ನಿಮ್ಮ ರೈಫಲ್ಲಿನಲ್ಲಿ ಲಗ್ ಎಲ್ಲಿದೆ, ಹೇಗಿದೆ ಎಂದು ಮೊದಲು ತಿಳಿದುಕೊಳ್ಳಿ. ಮೌಸರ್ 98ರಲ್ಲಿ ಅದು ರಿಸೀವರಿನದೇ ಅಂಗ. 1962ರಲ್ಲಿ ಬಂದ ರೆಮಿಂಗ್ಟನ್ 700ರಲ್ಲಿ ನಳಿಗೆಗೂ ರಿಸೀವರಿಗೂ ನಡುವೆ ಬಿಲ್ಲೆಯಂತೆ ಸಿಕ್ಕಿಸಿದ ಬೇರೆ ತುಂಡು. ಜೊತೆಗೆ ಆ ರಿಸೀವರಿನ ತಳ ದುಂಡು, ಹಾಸಿಗೆ ಕೆಟ್ಟರೆ ಉರುಳಲು ನೋಡುತ್ತದೆ. ಟಿಕ್ಕಾ ಟಿ3ಯಲ್ಲಿ ಎಲ್ಲವೂ ಉಲ್ಟಾ: ಲಗ್ ಸ್ಟಾಕಿನಲ್ಲಿ ಕೂತಿರುತ್ತದೆ, ರಿಸೀವರಿನಲ್ಲಿ ಅದಕ್ಕೊಂದು ತೋಡು ಕೊರೆದಿರುತ್ತದೆ. 1968ರ ರೂಗರ್ 77ರಲ್ಲಿ ಮುಂದಿನ ಸ್ಕ್ರೂ ಓರೆಯಾಗಿದ್ದು ರಿಸೀವರನ್ನು ಕೆಳಕ್ಕೂ ಹಿಂದಕ್ಕೂ ಒಟ್ಟಿಗೆ ಎಳೆಯುತ್ತದೆ. ಈ ಕೊನೆಯ ಎರಡಕ್ಕೆ ಕೆಳಗಿನ ಕ್ರಮವನ್ನು ಕುರುಡಾಗಿ ಅನ್ವಯಿಸಬೇಡಿ.

ಸಂಗ್ರಹಕಾರರು ಬೆಲೆ ಕಟ್ಟುವ ಹಳೆಯ ರೈಫಲ್ಲಾಗಿದ್ದರೆ ಎಪಾಕ್ಸಿ ಹಾಕುವ ಯೋಚನೆಯನ್ನೇ ಬಿಡಿ. ಅದನ್ನು ಹಾಗೆಯೇ ಇಟ್ಟು ಬೇಟೆಗೆ ಬೇರೊಂದು ಸ್ಟಾಕ್ ಹುಡುಕುವುದು ಮೇಲು.

ಎಪಾಕ್ಸಿ ಹಾಸಿಗೆ

ಬೇಕಾದದ್ದು ನಿಧಾನವಾಗಿ ಗಟ್ಟಿಯಾಗುವ, ಉಕ್ಕಿನ ಅಥವಾ ಖನಿಜದ ಪುಡಿ ಬೆರೆಸಿದ ಎಪಾಕ್ಸಿ. ಬಂದೂಕಿಗೆಂದೇ ಮಾರುವ ಆಕ್ರಾಗ್ಲಾಸ್ ಜೆಲ್ ಇದೆ, ಯಂತ್ರ ರಿಪೇರಿಯ ಡೆವ್ಕಾನ್ ಇದೆ, ದೋಣಿ ರಿಪೇರಿಯ ಮರೀನ್‌ಟೆಕ್ಸ್ ಇದೆ, ಯಾವುದಾದರೂ ಆದೀತು. ಐದು ನಿಮಿಷದಲ್ಲಿ ಗಟ್ಟಿಯಾಗುವ ಅಂಟನ್ನು ಮಾತ್ರ ತರಬೇಡಿ. ನೀವು ಇನ್ನೂ ಟೇಪು ಸುತ್ತುತ್ತಿರುವಾಗಲೇ ಅದು ಕಲ್ಲಾಗಿರುತ್ತದೆ.

ಮರ ತೆಗೆಯುವುದರಿಂದ ಶುರು. ಲಗ್ಗಿನ ಹಿಂದೆ, ರಿಸೀವರಿನ ಮುಂದಿನ ಉಂಗುರದ ಕೆಳಗೆ, ಬಾಲದ ಕೆಳಗೆ ಎರಡು ಮೂರು ಮಿಲಿಮೀಟರಿನಷ್ಟು ಮರವನ್ನು ಹರಿತವಾದ ಉಳಿಯಿಂದ ತೆಗೆಯಿರಿ. ಎಲ್ಲವನ್ನೂ ತೆಗೆಯಬಾರದು. ಮುಂದೆ ಎರಡು ಕಡೆ, ಹಿಂದೆ ಒಂದು ಕಡೆ ಬೆರಳುಗುರಿನಷ್ಟು ಹಳೆಯ ಮೇಲ್ಮೈಯನ್ನು ಉಳಿಸಿಕೊಳ್ಳಿ. ಎಪಾಕ್ಸಿ ಹಸಿಯಿರುವಾಗ ರಿಸೀವರ್ ನಿಲ್ಲುವುದು ಆ ಮೂರು ದಿಬ್ಬಗಳ ಮೇಲೆ. ಅವು ಹೋದರೆ ರಿಸೀವರಿನ ಎತ್ತರವೂ ಹೋಯಿತು, ಮ್ಯಾಗಜಿನ್ ಪೆಟ್ಟಿಗೆ ಇಕ್ಕಟ್ಟಾಗಿ ಹೊಸ ತಲೆನೋವು ಶುರುವಾಗುತ್ತದೆ. ಸ್ಟಾಕಿನ ಮೇಲಂಚಿನ ಹೊರಗಿನ ಗೆರೆಗೆ ಉಳಿ ತಾಗದಿರಲಿ. ಹೊರಗಿನಿಂದ ನೋಡಿದವರಿಗೆ ಕೆಲಸ ಆಗಿದೆ ಎಂದೇ ಗೊತ್ತಾಗಬಾರದು.

ತೆಗೆದ ಜಾಗ ನುಣುಪಾಗಿರುವುದು ಬೇಡ, ಒರಟಾಗಿರಲಿ. ಅಲ್ಲಲ್ಲಿ ಓರೆಯಾಗಿ ಚಿಕ್ಕ ತೂತು ಕೊರೆದರೆ ಎಪಾಕ್ಸಿಗೆ ಬೇರು ಸಿಗುತ್ತದೆ. ಹಳೆಯ ಸ್ಟಾಕುಗಳಲ್ಲಿ ಬಂದೂಕಿನ ಎಣ್ಣೆ ವರ್ಷಗಟ್ಟಲೆ ಮರಕ್ಕೆ ಇಳಿದಿರುತ್ತದೆ. ಎಣ್ಣೆಯ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ, ಹೊಟ್ಟಿನಂತೆ ಎದ್ದುಬರುತ್ತದೆ. ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಒರೆಸುತ್ತಾ ಹೋಗಿ. ಬಟ್ಟೆ ಹಳದಿಯಾಗುವುದು ನಿಂತ ಮೇಲೂ ಮರವನ್ನು ಹದವಾಗಿ ಬಿಸಿ ಮಾಡಿ ನೋಡಿ. ಒಳಗಿನ ಎಣ್ಣೆ ಬೆವರಿನಂತೆ ಮೇಲೆ ಬಂದರೆ ಮತ್ತೆ ಒರೆಸಿ. ಅಸಿಟೋನಿನ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಒರೆಸುವುದು ಮತ್ತು ಬಿಸಿ ಮಾಡುವುದು ಒಂದೇ ಹೊತ್ತಿಗೆ ಬೇಡ, ಕಿಟಕಿ ತೆರೆದಿರಲಿ.

ಇನ್ನು ಉಕ್ಕಿನ ಕಡೆ. ಟ್ರಿಗರ್ ಜೋಡಣೆಯನ್ನು ಬಿಚ್ಚಿಡಿ. ರಿಸೀವರಿನ ತಳದಲ್ಲಿರುವ ತೂತು, ತೋಡು, ಪಿನ್ನಿನ ಸಂದು ಎಲ್ಲಕ್ಕೂ ಮಕ್ಕಳು ಆಡುವ ಬಣ್ಣದ ಕ್ಲೇಯನ್ನು ಒತ್ತಿ ತುಂಬಿ, ಬ್ಲೇಡಿನಿಂದ ಮಟ್ಟಸ ಮಾಡಿ. ಈ ಕ್ಲೇಯಲ್ಲಿ ಜುಗ್ಗತನ ಮಾಡುವವರು ರಿಸೀವರನ್ನೂ ಸ್ಟಾಕನ್ನೂ ಜೀವಮಾನಕ್ಕೆ ಮದುವೆ ಮಾಡಿಸಿಬಿಡುತ್ತಾರೆ. ಎಪಾಕ್ಸಿ ಉಕ್ಕಿಗೆ ಅಂಟಿದ್ದನ್ನು ಹೇಗಾದರೂ ಬಿಡಿಸಬಹುದು. ಒಂದು ತೂತಿನೊಳಗೆ ಹೋಗಿ ಗಟ್ಟಿಯಾಗಿ ಕೊಕ್ಕೆಯಾಗಿದ್ದರೆ ಸ್ಟಾಕ್ ಒಡೆಯುವುದೊಂದೇ ದಾರಿ.

ಲಗ್ಗಿನ ಮುಂದಿನ ಮುಖಕ್ಕೆ, ಎರಡು ಪಕ್ಕಕ್ಕೆ, ತಳಕ್ಕೆ ಪ್ಲಾಸ್ಟಿಕ್ ಟೇಪಿನ ಒಂದೋ ಎರಡೋ ಪದರ ಅಂಟಿಸಿ. ಹಿಂದಿನ ಮುಖ ಬರಿಯದಾಗಿಯೇ ಇರಲಿ. ಟೇಪು ತೆಗೆದ ಮೇಲೆ ಲಗ್ಗಿನ ಬೆನ್ನು ಮಾತ್ರ ಹಾಸಿಗೆಗೆ ಒರಗಿರುತ್ತದೆ, ಉಳಿದೆಲ್ಲ ಕಡೆ ಒಂದಿಷ್ಟು ಗಾಳಿ. ತಳ ತಾಗಿದರೆ ರಿಸೀವರ್ ಲಗ್ಗಿನ ಮೇಲೆಯೇ ನಿಂತು ತೊಟ್ಟಿಲಾಡುತ್ತದೆ; ನಾಲ್ಕೂ ಕಡೆ ಬಿಗಿಯಾದರೆ ಮುಂದೆ ಎಂದಾದರೂ ಬಿಚ್ಚುವಾಗ ಅಂಚು ಕಿತ್ತುಬರುತ್ತದೆ. ರಿಸೀವರಿನ ಬಾಲದ ಹಿಂತುದಿಗೂ ಟೇಪು ಹಾಕಿ, ಅಲ್ಲಿ ಅರ್ಧ ಮಿಲಿಮೀಟರಿನಷ್ಟು ಬಿಡುವು ಇರಲೇಬೇಕು. ಮೇಲೆ ಹೇಳಿದ ಸೀಳು ಬರುವುದು ಆ ಬಿಡುವು ಇಲ್ಲದಿದ್ದಾಗ. ನಳಿಗೆ ಸ್ಟಾಕಿನಲ್ಲಿ ಅದಕ್ಕೆಂದು ಇರುವ ತೋಡಿನ ನಡುವೆಯೇ ನಿಲ್ಲುವಂತೆ ಸ್ಟಾಕಿನ ಮುಂತುದಿಯ ಹತ್ತಿರ ನಳಿಗೆಗೆ ಬೇಕಾದಷ್ಟು ಸುತ್ತು ಟೇಪು ಸುತ್ತಿ.

ಈಗ ಮೇಣ. ಬಣ್ಣವಿಲ್ಲದ ಶೂ ಪಾಲಿಷ್ ಅಥವಾ ಗಟ್ಟಿ ಮೇಣವನ್ನು ಎಪಾಕ್ಸಿ ಮುಟ್ಟಬಹುದಾದ ಎಲ್ಲ ಉಕ್ಕಿಗೂ, ಮುಟ್ಟಲಾರದು ಎಂದು ನೀವು ನಂಬಿರುವ ಉಕ್ಕಿಗೂ ಎರಡು ಸಲ ಹಚ್ಚಿ, ಒಣಗಿಸಿ, ಹಗುರವಾಗಿ ಒರೆಸಿ. ಸ್ಕ್ರೂಗಳ ಮೈಗೆ, ಎಳೆಗೆ, ಸ್ಟಾಕಿನ ಹೊರಮೈಗೆ ಸಹ. ಬೆರಳಗಲದ ಜಾಗ ತಪ್ಪಿದರೂ ಎಪಾಕ್ಸಿ ಅದನ್ನೇ ಹುಡುಕಿಕೊಂಡು ಹೋಗುತ್ತದೆ.

ಎಪಾಕ್ಸಿಯ ಎರಡು ಭಾಗಗಳನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ, ಸಾಧ್ಯವಾದರೆ ಚಿಕ್ಕ ತಕ್ಕಡಿಯಲ್ಲಿ ತೂಗಿ ಬೆರೆಸಿ. ಬೇಗ ಗಟ್ಟಿಯಾಗಲಿ ಎಂದು ಗಟ್ಟಿಕಾರಕವನ್ನು ಹೆಚ್ಚು ಸುರಿದರೆ ಅದು ಎಂದೆಂದಿಗೂ ಮೆತ್ತಗೇ ಉಳಿಯುತ್ತದೆ. ಗಾಳಿ ಸೇರದಂತೆ ನಿಧಾನವಾಗಿ, ಅಡಿ ಬದಿ ಕೆರೆಯುತ್ತಾ ಕಲಸಿ. ಕೈಗವಸು ಹಾಕಿಕೊಳ್ಳಿ, ಹಸಿ ಎಪಾಕ್ಸಿ ಚರ್ಮಕ್ಕೆ ಆಗಿಬರುವುದಿಲ್ಲ.

ಕಡ್ಡಿಯಿಂದ ಮೊದಲು ಲಗ್ ಇಳಿಯುವ ಗುಂಡಿಯ ಹಿಂದಿನ ಮೂಲೆಗಳಿಗೆ ಒತ್ತಿ ತುಂಬಿ, ಲಗ್ಗಿನ ಬೆನ್ನಿಗೂ ತೆಳ್ಳಗೆ ಸವರಿ. ಗುಳ್ಳೆ ಸಿಕ್ಕಿಕೊಳ್ಳುವುದು ಆ ಮೂಲೆಯಲ್ಲೇ. ಆಮೇಲೆ ಉಂಗುರದ ಕೆಳಗೆ, ಅದರ ಮುಂದೆ ನಳಿಗೆಯ ದಪ್ಪ ಭಾಗದ ಕೆಳಗೆ ಒಂದೆರಡು ಬೆರಳಗಲ, ಕೊನೆಗೆ ಬಾಲದ ಕೆಳಗೆ ಹಾಕಿ. ರಿಸೀವರನ್ನು ನೇರವಾಗಿ ಇಳಿಸಿ ಒತ್ತಿ. ಸುತ್ತಲೂ ಎಪಾಕ್ಸಿ ಒಂದೇ ಸಮ ಉಕ್ಕಿ ಬಂದರೆ ಹಾಕಿದ ಪ್ರಮಾಣ ಸರಿ. ಒಂದು ಕಡೆ ಬಾರದಿದ್ದರೆ ಅಲ್ಲಿ ಟೊಳ್ಳಿದೆ, ಎತ್ತಿ ಮತ್ತೆ ಹಾಕಿ.

ಈಗಲೇ ಎಲ್ಲರೂ ಸ್ಕ್ರೂ ಬಿಗಿದು ಇಡೀ ಕೆಲಸ ಹಾಳು ಮಾಡುವುದು. ಬಿಗಿದ ಸ್ಕ್ರೂ ರಿಸೀವರನ್ನು ಬಗ್ಗಿಸುತ್ತದೆ, ಬಗ್ಗಿದ ಆಕಾರಕ್ಕೇ ಎಪಾಕ್ಸಿ ಅಚ್ಚಾಗುತ್ತದೆ, ಬಿಚ್ಚಿದ ಕೂಡಲೇ ಉಕ್ಕು ಸೆಟೆದು ನಿಲ್ಲುತ್ತದೆ. ಸ್ಕ್ರೂಗಳು ಜಾಗ ತೋರಿಸುವುದಕ್ಕೆ ಮಾತ್ರ ಇರಲಿ, ಬೆರಳಲ್ಲಿ ತಿರುಗುವಷ್ಟು. ಅವುಗಳ ಮೈಗೆ ಟೇಪು ಸುತ್ತಿದರೆ ತೂತಿನ ನಡುವೆ ನಿಲ್ಲುತ್ತವೆ. ರಿಸೀವರನ್ನು ಕೆಳಗೆ ಹಿಡಿದಿಡಲು ರಬ್ಬರ್ ಕೊಳವೆ ಅಥವಾ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಹದವಾಗಿ ಸುತ್ತಿ.

ಹೊರಗೆ ಉಕ್ಕಿದ್ದನ್ನು ಕಾಯದೆ ತೆಗೆಯಿರಿ. ದೊಡ್ಡ ಗಂಟನ್ನು ಮರದ ಕಡ್ಡಿಯಿಂದ ಕೆರೆದು, ಉಳಿದದ್ದನ್ನು ವಿನೆಗರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದರೆ ಹಸಿ ಎಪಾಕ್ಸಿ ಚೆನ್ನಾಗಿ ಬಿಡುತ್ತದೆ. ರೈಫಲನ್ನು ಮಟ್ಟಸವಾಗಿ ಮಲಗಿಸಿ ಇಡೀ ಒಂದು ದಿನ ಬಿಟ್ಟುಬಿಡಿ. ಚಳಿಯಿದ್ದರೆ ಇನ್ನೂ ಹೆಚ್ಚು ಹೊತ್ತು. ಕಲಸಿದ ಬಟ್ಟಲಿನಲ್ಲಿ ಉಳಿದ ತುಣುಕನ್ನು ಎಸೆಯಬೇಡಿ, ಅದೇ ನಿಮ್ಮ ಗಡಿಯಾರ: ಉಗುರು ಒತ್ತಿದರೆ ಗುರುತು ಬೀಳುವುದು ನಿಲ್ಲುವ ತನಕ ರೈಫಲ್ಲಿಗೆ ಕೈ ಹಾಕಬಾರದು.

ಬಿಡಿಸುವುದು

ಸ್ಕ್ರೂ ತೆಗೆದು, ನಳಿಗೆ ಮತ್ತು ಸ್ಟಾಕ್ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಪಕ್ಕಕ್ಕೆ ಅಲುಗಾಡಿಸಿದರೆ ಹೊಸ ಅಂಚುಗಳು ಮುರಿಯುತ್ತವೆ. ಬಾರದಿದ್ದರೆ ಹೆದರಬೇಡಿ, ಮೊದಲ ಸಲ ಬಹುತೇಕ ಬರುವುದಿಲ್ಲ. ಫ್ರೀಜರಿನಲ್ಲಿ ಹಿಡಿಸುವಂತಿದ್ದರೆ ಒಂದೆರಡು ಗಂಟೆ ಇಟ್ಟು ತೆಗೆದು, ಸ್ಟಾಕಿನ ಮುಂಭಾಗವನ್ನು ಒಂದು ಕೈಯಲ್ಲಿ ಹಿಡಿದು ನಳಿಗೆಯ ಕೆಳಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ತಣಿದ ಉಕ್ಕು ಕುಗ್ಗಿ ‘ಟಕ್’ ಎಂದು ಬಿಟ್ಟುಕೊಡುತ್ತದೆ. ನಾನು ಈ ಕೆಲಸದಲ್ಲಿ ಕಾಯುವ ಸದ್ದು ಅದೊಂದೇ.

ಒಳಗೆ ನೋಡಿದರೆ ರಿಸೀವರಿನ ತಳದ ಯಂತ್ರದ ಗೆರೆಗಳೂ ಎಪಾಕ್ಸಿಯಲ್ಲಿ ಅಚ್ಚಾಗಿರುತ್ತವೆ. ಬೆಂಕಿಕಡ್ಡಿಯ ತಲೆಯಷ್ಟು ದೊಡ್ಡ ಒಂದೆರಡು ಗುಳ್ಳೆಗೆ ತಲೆಕೆಡಿಸಿಕೊಳ್ಳಬೇಡಿ. ಲಗ್ಗಿನ ಬೆನ್ನಿಗೆ ಒರಗುವ ಮುಖದಲ್ಲಿ ಹಳ್ಳ ಬಿದ್ದಿದ್ದರೆ ಮಾತ್ರ ಒರಟು ಮಾಡಿ ಮತ್ತೆ ತುಂಬಬೇಕು. ಅನುಮಾನವಿದ್ದರೆ ರಿಸೀವರಿನ ತಳಕ್ಕೆ ದೀಪದ ಮಸಿ ಹಿಡಿಸಿ, ಸ್ಟಾಕಿನಲ್ಲಿ ಕೂರಿಸಿ ಎತ್ತಿ. ಸ್ಟಾಕ್ ಕಟ್ಟುವವರು ಬಹಳ ಹಿಂದಿನಿಂದ ನಂಬಿರುವ ಪರೀಕ್ಷೆ ಇದು; ಮಸಿ ಹತ್ತಿದ ಕಡೆ ಉಕ್ಕು ಮುಟ್ಟಿದೆ, ಹತ್ತದ ಕಡೆ ಮುಟ್ಟಿಲ್ಲ, ವಾದಕ್ಕೆ ಜಾಗವೇ ಇಲ್ಲ.

ಟೇಪು ಕಿತ್ತು, ಕ್ಲೇ ತೆಗೆದು, ಚೂಪಾದ ಅಂಚುಗಳನ್ನು ಉಜ್ಜುಕಾಗದದಿಂದ ಸ್ವಲ್ಪ ಮೊಂಡು ಮಾಡಿ. ಸ್ಕ್ರೂ ತೂತುಗಳೊಳಗೆ ಎಪಾಕ್ಸಿ ಇಳಿದಿರುತ್ತದೆ, ಅವನ್ನು ಸ್ಕ್ರೂಗಿಂತ ಒಂದೂವರೆ ಮಿಲಿಮೀಟರ್ ದೊಡ್ಡ ಡ್ರಿಲ್ಲಿನಿಂದ ಬಿಡಿಸಿ. ಸ್ಕ್ರೂವಿನ ಮೈ ಎಲ್ಲಿಯೂ ತಾಗಬಾರದು. ತಾಗಿದರೆ ಲಗ್ಗಿನ ಹೊರೆ ಅದರ ಮೇಲೆ ಬೀಳುತ್ತದೆ. ಮ್ಯಾಗಜಿನ್ ಪೆಟ್ಟಿಗೆ ಸ್ಕ್ರೂ ಬಿಗಿದ ಮೇಲೂ ಮೇಲೆ ಕೆಳಗೆ ತುಸು ಆಡಬೇಕು.

ಸ್ಕ್ರೂ ತೂತಿನ ಸುತ್ತ ಮರ ನಜ್ಜಿತ್ತು ಎಂದಾದರೆ ಎಪಾಕ್ಸಿಯ ಜೊತೆಗೆ ಪಿಲ್ಲರ್ ಕೂಡ ಹಾಕಿಬಿಡಿ. ಅಂದರೆ ಅಲ್ಯೂಮಿನಿಯಂ ಕೊಳವೆಯ ತುಂಡು, ಒಂದು ತುದಿ ರಿಸೀವರಿಗೆ, ಇನ್ನೊಂದು ತುದಿ ಟ್ರಿಗರ್ ಗಾರ್ಡಿಗೆ ತಾಗುವಷ್ಟು ಉದ್ದ. ಸ್ಕ್ರೂ ಬಿಗಿದಾಗ ಬಲವೆಲ್ಲ ಲೋಹದಿಂದ ಲೋಹಕ್ಕೇ ಹೋಗುತ್ತದೆ, ಮರ ಪಾರಾಗುತ್ತದೆ. ಉದ್ದವನ್ನು ಮಾತ್ರ ಅಳೆದು ಅಳೆದು ಅರದಿಂದ ಉಜ್ಜಿ ಕೂಡಿಸಬೇಕು. ಚಿಕ್ಕದಾದರೆ ಹಾಕಿದ್ದೂ ದಂಡ.

ನಳಿಗೆಯನ್ನು ಬಿಟ್ಟುಬಿಡಿ

ರಿಸೀವರ್ ಗಟ್ಟಿಯಾಗಿ ಕೂತ ಮೇಲೆ ನಳಿಗೆಗೆ ಆಸರೆ ಬೇಡ. ತೋಡಿನ ಉದ್ದಕ್ಕೂ ಎಪಾಕ್ಸಿ ತುಂಬಿದ ಸ್ಟಾಕುಗಳನ್ನು ನೋಡಿದ್ದೇನೆ, ಕಾಂಕ್ರೀಟು ಹಾಕಿದಂತೆ. ನಳಿಗೆ ಕಾದ ಮೇಲೆ ಅದಕ್ಕೆ ಹಿಗ್ಗಲು ಜಾಗವೇ ಇರುವುದಿಲ್ಲ. ಕಾಗದದ ಪಟ್ಟಿ ಸಿಕ್ಕಿಕೊಂಡ ಜಾಗಗಳನ್ನು ದುಂಡು ಕೋಲಿಗೆ ಸುತ್ತಿದ ಉಜ್ಜುಕಾಗದದಿಂದ ತೆಗೆಯಿರಿ. ಸುತ್ತಲೂ ಒಂದರಿಂದ ಒಂದೂವರೆ ಮಿಲಿಮೀಟರ್ ಬಿಡುವು ಸಾಕು. ಸ್ಟಾಕಿನ ಮುಂಭಾಗ ತೆಳ್ಳಗಿದ್ದರೆ ಅದನ್ನು ಊರುಗೋಲಿನ ಮೇಲಿಟ್ಟಾಗ ಬಗ್ಗಿ ನಳಿಗೆಗೆ ತಾಗುತ್ತದೆಯೇ ಎಂದು ನೋಡಿ, ಆ ದಿಕ್ಕಿಗೆ ಇನ್ನಷ್ಟು ಬಿಡಿ. ಉಜ್ಜಿದ ಮರವನ್ನು ಹಸಿಯಾಗಿ ಬಿಡಬಾರದು: ವಾರ್ನಿಷ್ ಅಥವಾ ಮರದೆಣ್ಣೆಯನ್ನು ಎರಡು ಕೈ ಹಚ್ಚಿ. ಹೊರಗೆಲ್ಲ ಕನ್ನಡಿಯಂತೆ ಪಾಲಿಷ್ ಮಾಡಿ ಒಳಗೆ ಬರಿಮರ ಬಿಟ್ಟ ಕಾರ್ಖಾನೆ ಸ್ಟಾಕುಗಳು ಎಷ್ಟೋ ಇವೆ, ತೇವ ಒಳಗೆ ಹೋಗುವುದು ಅಲ್ಲಿಂದಲೇ.

ಇದಕ್ಕೆ ಹೊರತಾದವೂ ಇವೆ. ಪೆನ್ಸಿಲಿನಂತೆ ತೆಳ್ಳಗಿನ ಕೆಲವು ನಳಿಗೆಗಳು ಸ್ಟಾಕಿನ ಮುಂತುದಿಯಲ್ಲಿ ಕೆಳಗಿನಿಂದ ತುಸು ಒತ್ತಡವಿದ್ದರೇ ಚೆನ್ನಾಗಿ ಹೊಡೆಯುತ್ತವೆ. ಲೀ-ಎನ್‌ಫೀಲ್ಡ್ ನಂಬರ್ 4ರಲ್ಲಿ ಅಂಥ ಒತ್ತಡ ವಿನ್ಯಾಸದಲ್ಲೇ ಇದೆ. 1964ಕ್ಕೆ ಮುಂಚಿನ ವಿಂಚೆಸ್ಟರ್ 70ರಲ್ಲಿ ನಳಿಗೆಯನ್ನೇ ಸ್ಟಾಕಿಗೆ ಹಿಡಿಯುವ ಹೆಚ್ಚುವರಿ ಸ್ಕ್ರೂ ಇರುತ್ತದೆ. ಇಂಥವುಗಳನ್ನು ತೇಲಿಸುವ ಮೊದಲು ಒಂದು ಸಲ ಹಾರಿಸಿ ನೋಡಿ. ಉಜ್ಜಿ ತೆಗೆದ ಮರ ಮತ್ತೆ ಬಾರದು. ತೇಲಿಸಿದ ಮೇಲೆ ಗುಂಪು ಹರಡಿತು ಎಂದಾದರೆ ಮುಂತುದಿಯಲ್ಲಿ ತೆಳು ರಟ್ಟಿನ ತುಂಡುಗಳನ್ನು ಒಂದೊಂದಾಗಿ ಇಟ್ಟು ಪರೀಕ್ಷಿಸಿ, ಫಲ ಕಂಡರೆ ಅಷ್ಟೇ ದಪ್ಪದ ಎಪಾಕ್ಸಿ ದಿಬ್ಬ ಕೂರಿಸಬಹುದು.

ಜೋಡಿಸಿ ಹಾರಿಸುವುದು

ರೈಫಲನ್ನು ಹಿಂಬದಿಯ ಮೇಲೆ ನಿಲ್ಲಿಸಿ, ನೆಲಕ್ಕೆ ಒಂದೆರಡು ಸಲ ಮೆತ್ತಗೆ ಕುಟ್ಟಿ. ಲಗ್ ತನ್ನ ಒರಗಿಗೆ ಹೋಗಿ ಕೂರುತ್ತದೆ. ನಿಂತ ಭಂಗಿಯಲ್ಲೇ ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ, ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟ್ರಿಗರಿನ ಮುಂದೆ ನಡುವಿನ ಸ್ಕ್ರೂ ಇದ್ದರೆ ಅದು ಕೊನೆಗೆ, ಕೇವಲ ತಾಗುವಷ್ಟು. ತಯಾರಕರು ಕೊಟ್ಟ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಸಂಖ್ಯೆ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಬರಿಮರದ ಸ್ಟಾಕಿಗೆ ನಾನು 4ರಿಂದ 5 ನ್ಯೂಟನ್ ಮೀಟರ್, ಪಿಲ್ಲರ್ ಇದ್ದರೆ 6.5ರಿಂದ 7ರ ಆಸುಪಾಸು ಬಿಗಿಯುತ್ತೇನೆ. ಕೈಯಂದಾಜು ಸಾಲದು, ಟಾರ್ಕ್ ಡ್ರೈವರ್ ಒಂದನ್ನು ಕೊಳ್ಳಿ, ಅದು ಸ್ಕೋಪಿಗೂ ಬೇಕಾಗುತ್ತದೆ.

ಬೆರಳಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಮುಂದಿನ ಸ್ಕ್ರೂ ಸಡಿಲಿಸಿದರೂ ಬಿಗಿದರೂ ಬೆರಳಿಗೆ ಏನೂ ತಿಳಿಯಬಾರದು. ಸ್ಕ್ರೂ ಕೊನೆಯ ಕಾಲು ಸುತ್ತಿನಲ್ಲಿ ಥಟ್ಟನೆ ಗಟ್ಟಿಯಾಗಿ ನಿಲ್ಲುವುದು ಒಳ್ಳೆಯ ಲಕ್ಷಣ; ತಿರುಗಿಸಿದಷ್ಟೂ ಮೆತ್ತಗೆ ಹೋಗುತ್ತಿದ್ದರೆ ಎಲ್ಲೋ ಇನ್ನೂ ಮರ ನಜ್ಜುತ್ತಿದೆ.

ಬೋಲ್ಟ್ ಹಾಕಿ, ಟ್ರಿಗರ್ ಮತ್ತು ಸೇಫ್ಟಿಯನ್ನು ಖಾಲಿ ರೈಫಲ್ಲಿನಲ್ಲೇ ಪರೀಕ್ಷಿಸಿ. ಎಪಾಕ್ಸಿಯ ಒಂದು ಸಣ್ಣ ಚೂರು ಟ್ರಿಗರಿನ ಪಕ್ಕ ಉಳಿದರೂ ಸೇಫ್ಟಿ ಸಿಕ್ಕಿಕೊಳ್ಳಬಹುದು. ನಳಿಗೆಯೊಳಗೆ ಬೆಳಕು ಹಾಯಿಸಿ ನೋಡದೆ ಮೊದಲ ತೋಟಾ ಹಾಕಬೇಡಿ.

ಗುರಿ ಮೊದಲಿನ ಜಾಗದಲ್ಲೇ ಬೀಳುವುದಿಲ್ಲ, ಸ್ಕೋಪನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಹೊಂದಿಸಿದ ಮೇಲೆ ಐದು ಈಡುಗಳ ಗುಂಪುಗಳನ್ನು, ನಡುವೆ ನಳಿಗೆ ಕೈಗೆ ತಣ್ಣಗಾಗುವಷ್ಟು ಹೊತ್ತು ಬಿಟ್ಟು, ಹಾರಿಸಿ. ಆಮೇಲೆ ಬೇಕೆಂದೇ ಒಂದು ಗುಂಪನ್ನು ಬಿಡುವಿಲ್ಲದೆ ಹಾರಿಸಿ. ಮೊದಲು ಕಾದಂತೆ ಸರಿಯುತ್ತಿದ್ದ ಈಡುಗಳು ಈಗ ಒಂದೇ ಕಡೆ ನಿಂತರೆ ಹಾಸಿಗೆ ಸರಿಯಾಗಿದೆ. ಬೇಟೆಗಾರನಿಗೆ ಇದಕ್ಕಿಂತಲೂ ಮುಖ್ಯವಾದದ್ದು ತಣ್ಣನೆಯ ನಳಿಗೆಯಿಂದ ಹೋಗುವ ಮೊದಲ ಈಡು. ಬೇರೆ ಬೇರೆ ದಿನ ಒಂದೊಂದೇ ಹಾರಿಸಿ, ಒಂದೇ ಗುರಿಹಲಗೆಯ ಮೇಲೆ ಗುರುತು ಹಾಕುತ್ತಾ ಬನ್ನಿ. ಅವು ಒಟ್ಟಿಗೆ ಬೀಳದಿದ್ದರೆ ಹಾಳೆಯ ಮೇಲೆ ಎಷ್ಟು ಚೆಂದದ ಗುಂಪು ಬಂದರೂ ಪ್ರಯೋಜನವಿಲ್ಲ. ಪ್ರಾಣಿ ನಿಮಗೆ ಎರಡನೆಯ ಈಡಿಗೆ ಕಾಯುವುದಿಲ್ಲ, ತಪ್ಪಿದ ಮೊದಲ ಈಡು ಅದನ್ನು ಗಾಯಗೊಳಿಸಿ ಕಾಡಿಗೆ ಕಳಿಸುತ್ತದೆ.

ಮೊದಲ ಒಂದು ಪೆಟ್ಟಿಗೆ ತೋಟಾ ಮುಗಿದ ಮೇಲೆ ಟಾರ್ಕ್ ಮತ್ತೆ ನೋಡಿ, ಬರಿಮರದ ಸ್ಟಾಕಾದರೆ ಸ್ವಲ್ಪ ಇಳಿದಿರುವುದು ಸಹಜ. ಸರಿಪಡಿಸಿ, ಸ್ಕ್ರೂತಲೆಯಿಂದ ಟ್ರಿಗರ್ ಗಾರ್ಡಿನ ಮೇಲೆ ಹಾಯುವಂತೆ ಸಣ್ಣ ಬಣ್ಣದ ಗೆರೆ ಎಳೆದಿಡಿ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ. ಗೆರೆ ಕೂಡಿಯೇ ಇದ್ದು ಟಾರ್ಕ್ ಮಾತ್ರ ಇಳಿದಿದ್ದರೆ ಮರ ಕುಗ್ಗಿದೆ, ಆಗ ಪಿಲ್ಲರ್ ಹಾಕುವುದನ್ನು ಮುಂದೂಡಬೇಡಿ.